ಟೋನಿ ಹಾಕ್ಸ್ ಪ್ರೋ ಸ್ಕೇಟರ್ 2: ಇಷ್ಟೊಂದು ಹೊಗಳಿಕೆಗೆ ಅದು ನಿಜಕ್ಕೂ ಅರ್ಹವೇ?

ಹೊಸಗಾಲಿ (ಪ್ರಶ್ನೆ)

2000ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಈ ಗೇಮ್‌ಗೆ, ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ 98 ಅಂಕ ಇದೆ. ಅದಕ್ಕಿಂತ ಮೇಲೆ ಇರುವುದು 99 ಪಡೆದ ‘ಆಕರಿನಾ ಆಫ್ ಟೈಮ್’ ಎಂಬ ಜೆಲ್ಡಾ ಗೇಮ್ ಒಂದೇ. ಸ್ಕೇಟ್‌ಬೋರ್ಡ್ ಗೇಮ್ ಒಂದು ಅಷ್ಟು ಎತ್ತರದಲ್ಲಿ ಕೂತಿರುವುದು ಸರಿಯೇ, ಅಥವಾ ಬಾಲ್ಯದಲ್ಲಿ ಆಡಿದವರ ಅಭಿಮಾನವೇ ಅದನ್ನು ಎತ್ತಿ ಹಿಡಿದಿದೆಯೇ?

ನನ್ನ ತಕರಾರು ಮೂರು. ಎರಡು ನಿಮಿಷಕ್ಕೆ ಆಟ ಮುಗಿಯುತ್ತದೆ, ಊರು ಸುತ್ತಿ ನೋಡಲು ಪುರಸೊತ್ತೇ ಇಲ್ಲ. ಸ್ಕೇಟರ್ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ, ನಿಜವಾದ ಸ್ಕೇಟಿಂಗ್‌ಗೂ ಇದಕ್ಕೂ ಸಂಬಂಧವೇ ಕಾಣುವುದಿಲ್ಲ. ಇನ್ನು ಎಲ್ಲರೂ ಹೊಗಳುವ ಮ್ಯಾನುಯಲ್ (ಎರಡೇ ಗಾಲಿಗಳ ಮೇಲೆ ತೂಗಿಕೊಂಡು ಸಾಗುವ ಚಲನೆ) ಕೈಗೆ ಹತ್ತುವುದೇ ಇಲ್ಲ. ಒಮ್ಮೊಮ್ಮೆ ಬಟನ್ ಒತ್ತಿದ್ದನ್ನೇ ಗೇಮ್ ಗಮನಿಸುವುದಿಲ್ಲ, ಗಮನಿಸಿದರೂ ಕ್ಷಣದಲ್ಲಿ ಬೀಳುತ್ತಾನೆ. ಎಮ್ಯುಲೇಟರ್‌ನಲ್ಲಿ (ಹಳೆಯ ಗೇಮ್ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಆಡುತ್ತಿದ್ದೇನೆ, ದೊಡ್ಡ ಟಿವಿ, ವೈರ್‌ಲೆಸ್ ಪ್ಯಾಡ್, ಅನಲಾಗ್ ಸ್ಟಿಕ್.

ರೈಲ್‌ಮೇಲೆ

ಅಭಿಮಾನದ ವಾದ ನಿಲ್ಲುವುದಿಲ್ಲ. ಆ ಅಂಕಗಳು ಗೇಮ್ ಬಿಡುಗಡೆಯಾದಾಗಲೇ ಬಂದವು, ಆಗ ಯಾರಿಗೂ ಅದರ ಹಳೆಯ ನೆನಪು ಇರಲಿಲ್ಲ. ಹೊಗಳಿಕೆಗೆ ಕಾರಣ ಹುಡುಕಬೇಕಾದದ್ದು ಅಂಕ ಕೊಡುವ ಲೆಕ್ಕದಲ್ಲಿ.

ಒಂದು ಕಾಂಬೋದಲ್ಲಿ (ತಡೆಯಿಲ್ಲದೆ ಒಂದರ ಹಿಂದೊಂದು ಜೋಡಿಸಿದ ಟ್ರಿಕ್‌ಗಳ ಸಾಲು) ಮಾಡಿದ ಎಲ್ಲ ಟ್ರಿಕ್‌ಗಳ ಅಂಕ ಕೂಡಿಸಿ, ಟ್ರಿಕ್‌ಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಪ್ರತಿ ಟ್ರಿಕ್‌ಗೆ 200 ಅಂಕ ಅಂದುಕೊಳ್ಳಿ. ಐದು ಟ್ರಿಕ್‌ಗೆ 1,000 ಗುಣಿಲೆ 5, ಅಂದರೆ 5,000. ಹತ್ತು ಟ್ರಿಕ್‌ಗೆ 2,000 ಗುಣಿಲೆ 10, ಅಂದರೆ 20,000. ಟ್ರಿಕ್ ಎರಡು ಪಟ್ಟಾದರೆ ಅಂಕ ನಾಲ್ಕು ಪಟ್ಟಾಗುತ್ತದೆ. ಬಿದ್ದರೆ ಪೂರ್ತಿ ಸೊನ್ನೆ. ‘ಇಷ್ಟಕ್ಕೆ ನಿಲ್ಲಿಸಿ ಅಂಕ ಉಳಿಸಿಕೊಳ್ಳಲೇ, ಇನ್ನೊಂದು ಸೇರಿಸಲೇ’ ಎಂಬ ಆಸೆ-ಭಯದ ಜಗ್ಗಾಟ ಪ್ರತಿ ಕ್ಷಣವೂ ಇರುತ್ತದೆ. ಎರಡು ನಿಮಿಷದ ಗಡಿಯಾರ ಬೇಕಿರುವುದೂ ಅದಕ್ಕೇ. ಸಮಯಕ್ಕೆ ಮಿತಿ ಇಲ್ಲದಿದ್ದರೆ ಬಿದ್ದದ್ದಕ್ಕೆ ಬೆಲೆಯೇ ಇರುವುದಿಲ್ಲ.

1999ರ ಮೊದಲ ಭಾಗದಲ್ಲಿ ರೈಲ್‌ನಿಂದ (ಹಲಗೆಯಲ್ಲಿ ಜಾರುವ ಕಂಬಿ) ನೆಲಕ್ಕಿಳಿದರೆ ಕಾಂಬೋ ಅಲ್ಲಿಗೆ ಮುಗಿಯುತ್ತಿತ್ತು. ಹೀಗಾಗಿ ಅದರ ಮೊದಲ ಲೆವೆಲ್ ವೇರ್‌ಹೌಸ್‌ನಲ್ಲಿ ಗುರಿ 5,000 ಮತ್ತು 15,000 ಮಾತ್ರ. ಎರಡನೇ ಭಾಗದಲ್ಲಿ ಗೇಮ್ ತಯಾರಿಸಿದ ನೆವರ್‌ಸಾಫ್ಟ್ ಸೇರಿಸಿದ ಮ್ಯಾನುಯಲ್ ಆ ಸಪಾಟು ನೆಲವನ್ನೇ ಸೇತುವೆ ಮಾಡಿತು: ರೈಲ್, ಮ್ಯಾನುಯಲ್, ಕಿಕ್‌ಫ್ಲಿಪ್ (ಹಾರಿ ಹಲಗೆಯನ್ನು ಉರುಳಿಸುವ ಟ್ರಿಕ್), ಮತ್ತೆ ಮ್ಯಾನುಯಲ್, ಮುಂದಿನ ರೈಲ್. ಒಂದೇ ಒಂದು ಚಲನೆಯಿಂದ ಇಡೀ ಲೆವೆಲ್ ಒಂದೇ ಸಾಲಾಗಿ ಹೊಲಿದುಕೊಂಡಿತು. ಇಷ್ಟು ಸಣ್ಣ ಸೇರ್ಪಡೆಯಿಂದ ಇಷ್ಟು ದೊಡ್ಡ ಬದಲಾವಣೆ ಆದ ಗೇಮ್‌ಗಳು ತೀರಾ ಕಡಿಮೆ.

ನೈಜತೆಯ ಬಗ್ಗೆ: ಎತ್ತರ ಸುಳ್ಳು, ಒಪ್ಪುತ್ತೇನೆ. ಆದರೆ ಗೇಮ್‌ಗೆ ಸ್ಕೇಟಿಂಗ್ ಚೆನ್ನಾಗಿ ಗೊತ್ತು. ಸಪಾಟು ನೆಲದ ಆಲಿಯನ್ನೂ (ಹಲಗೆ ಸಮೇತ ಜಿಗಿಯುವುದು) ಕಿಕ್‌ಫ್ಲಿಪ್ಪನ್ನೂ ಕಂಡುಹಿಡಿದ ಸ್ಕೇಟರ್ ರಾಡ್ನಿ ಮಲ್ಲೆನ್ ಸರಣಿಗೆ ಬಂದದ್ದು ಈ ಭಾಗದಲ್ಲೇ, ಅಂದರೆ ನೆಲದ ಮೇಲಿನ ಟ್ರಿಕ್‌ಗಳಿಗೆ ಬೆಲೆ ಬಂದ ಭಾಗದಲ್ಲೇ. ಮಾರ್ಸೆ, ವೆನಿಸ್ ಬೀಚ್, ಫಿಲಡೆಲ್ಫಿಯಾ ಇವೆಲ್ಲ ಸ್ಕೇಟರ್‌ಗಳು ನಿಜವಾಗಿ ಆಡುವ ಜಾಗಗಳು.

ಮೂರನೆಯದೇಮೇಲು

ಲೆಕ್ಕ ಸರಿ, ತೀರ್ಪು ಅರ್ಧ ಮಾತ್ರ ಸರಿ. ಎರಡನೇ ಭಾಗದಲ್ಲಿ ಬೀದಿಗೂ ರ‍್ಯಾಂಪ್‌ಗೂ ಇನ್ನೂ ನಂಟು ಬೆಳೆದಿಲ್ಲ. ಕ್ವಾರ್ಟರ್‌ಪೈಪ್‌ನಿಂದ (ಬಾಗಿದ ಎತ್ತರದ ರ‍್ಯಾಂಪ್) ಮೇಲೆ ಹಾರಿ, ಟೋನಿ ಹಾಕ್‌ನ 900 (ಗಾಳಿಯಲ್ಲಿ ಎರಡೂವರೆ ಸುತ್ತು) ಹಾಕಿ (ಸ್ಪೆಷಲ್ ಮೀಟರ್ ತುಂಬಿದಾಗ ಬಲ, ಕೆಳಗೆ, ವೃತ್ತ) ಇಳಿದರೆ ಅಲ್ಲಿಗೇ ಕಾಂಬೋ ಕಟ್. ಗೇಮ್‌ನಲ್ಲೇ ಅತಿ ಹೆಚ್ಚು ಅಂಕದ ಟ್ರಿಕ್‌ಗಳು ಗಾಳಿಯಲ್ಲಿವೆ, ಅವನ್ನು ನೆಲದ ಸಾಲಿಗೆ ಜೋಡಿಸುವ ದಾರಿ ಇಲ್ಲ.

2001ರ ಮೂರನೇ ಭಾಗ ಕೊಟ್ಟ ರಿವರ್ಟ್ ಇದನ್ನು ಸರಿಮಾಡಿತು. ರ‍್ಯಾಂಪ್‌ಗೆ ಗಾಲಿ ತಾಗುವ ಹೊತ್ತಿಗೆ ಆರ್2 ಬಟನ್ ಒತ್ತಿದರೆ ಹಲಗೆ ಜಾರಿ ತಿರುಗುತ್ತದೆ, ತಕ್ಷಣ ಮ್ಯಾನುಯಲ್ ಹಾಕಿದರೆ ಗಾಳಿಯ ಅಂಕವೆಲ್ಲ ಸಾಲಿಗೆ ಸೇರುತ್ತದೆ. ವ್ಯಾಕರಣ ಪೂರ್ತಿಯಾದದ್ದು ಆಗ. ಅದರ ಪಿಎಸ್2 ಆವೃತ್ತಿಗೆ 97 ಇದೆ; ಒಂದು ಅಂಕದ ವ್ಯತ್ಯಾಸ ನೋಡಿ ಎರಡನೆಯದೇ ಶ್ರೇಷ್ಠ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ರೈಲ್‌ಮೇಲೆ

ರಿವರ್ಟ್‌ನಿಂದ ಕಳೆದುಕೊಂಡದ್ದೂ ಇದೆ. ಅದು ಬಂದ ಮೇಲೆ ಕಾಂಬೋ ಕೊನೆಯಾಗಲು ಉಳಿಯುವ ಕಾರಣ ಬ್ಯಾಲೆನ್ಸ್ ಒಂದೇ. ಎರಡನೆಯದರಲ್ಲಿ ಲೆವೆಲ್‌ನ ಆಕಾರವೇ ಎದುರಾಳಿ. ಈ ರೈಲ್ ಎಲ್ಲಿ ಮುಗಿಯುತ್ತದೆ, ಅಲ್ಲಿಂದ ಮ್ಯಾನುಯಲ್ ಎಷ್ಟು ದೂರ ಎಳೆಯಬೇಕು, ದಾರಿಯಲ್ಲಿ ರ‍್ಯಾಂಪ್ ಸಿಕ್ಕರೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಮೊದಲೇ ಯೋಚಿಸಬೇಕು. ನನಗೆ ಆ ಯೋಚನೆಯೇ ಇಷ್ಟ. ಸ್ಕೂಲ್ 2 ಲೆವೆಲ್‌ನಲ್ಲಿ ಐದು ಶಾಲಾ ಬೆಲ್‌ಗಳ ಗುರಿ ನೋಡಿ: ಗೋಡೆಗೆ ಓರೆಯಾಗಿ ಹೋಗಿ, ಆಲಿ ಹೊಡೆದು, ತ್ರಿಕೋನ ಬಟನ್ ಒತ್ತಿ ಹಿಡಿದು ವಾಲ್‌ರೈಡ್ (ಗೋಡೆಯ ಮೇಲೆ ಸಾಗುವುದು) ಮಾಡಬೇಕು. ನೇರವಾಗಿ ನುಗ್ಗಿದರೆ ಗೋಡೆಗೆ ಬಡಿದು ವಾಪಸ್. ಬೆಲ್ ಹುಡುಕುವ ನೆಪದಲ್ಲಿ ಗೇಮ್ ನಿಮಗೆ ಶಾಲೆಯ ಯಾವ ಗೋಡೆ ಉಪಯೋಗಕ್ಕೆ ಬರುತ್ತದೆ ಎಂದು ತೋರಿಸಿಕೊಡುತ್ತದೆ. ಊರು ಸುತ್ತಲು ಪುರಸೊತ್ತಿಲ್ಲ ಎಂದಿರಲ್ಲ, ಗುರಿಗಳೇ ಸುತ್ತಿಸುತ್ತವೆ. ಗಡಿಯಾರವೇ ಬೇಡವೆಂದರೆ ಫ್ರೀ ಸ್ಕೇಟ್ ಇದೆ.

ಫ್ರೇಮ್‌ಲೆಕ್ಕ

ವಾದ ನಡೆಯಲಿ, ಪ್ರಶ್ನೆ ಕೇಳಿದವರ ಮ್ಯಾನುಯಲ್ ಮೊದಲು ಸರಿಮಾಡೋಣ. ಅದು ಕೈಗೆ ಹತ್ತದೆ ಈ ಗೇಮ್‌ಗೆ ತೀರ್ಪು ಕೊಡಲು ಆಗುವುದಿಲ್ಲ.

ಮೊದಲನೆಯದಾಗಿ ಸ್ಟಿಕ್ ಬಿಟ್ಟು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್‌ಗಳು) ಹಿಡಿಯಿರಿ. ಮ್ಯಾನುಯಲ್‌ಗೆ ಬೇಕಾದ್ದು ‘ಮೇಲೆ, ಕೆಳಗೆ’, ನೋಸ್ ಮ್ಯಾನುಯಲ್‌ಗೆ (ಮುಂದಿನ ಗಾಲಿಗಳ ಮೇಲೆ) ‘ಕೆಳಗೆ, ಮೇಲೆ’, ಎರಡೂ ಬೇಗ. ಸ್ಟಿಕ್ಕನ್ನು ಅವಸರದಲ್ಲಿ ತಳ್ಳಿದರೆ ಸ್ವಲ್ಪ ಓರೆಯಾಗಿ ಹೋಗುತ್ತದೆ, ಗೇಮ್ ಅದನ್ನು ಬೇರೆ ದಿಕ್ಕೆಂದು ಓದುತ್ತದೆ. ಒತ್ತಿದ್ದು ಗಮನಕ್ಕೇ ಬರುತ್ತಿಲ್ಲ ಎನ್ನುವುದಕ್ಕೆ ಬಹುಪಾಲು ಇದೇ ಕಾರಣ.

ಎರಡನೆಯದು ಸಮಯ. ನೆಲ ಮುಟ್ಟುವ ಸ್ವಲ್ಪ ಮೊದಲು, ಇನ್ನೂ ಗಾಳಿಯಲ್ಲಿರುವಾಗಲೇ ಒತ್ತಬೇಕು. ಮುಟ್ಟಿದ ಮೇಲೆ ಒತ್ತಿದರೆ ಮ್ಯಾನುಯಲ್ ಆಗುತ್ತದೆ, ಆದರೆ ಹಳೆಯ ಕಾಂಬೋ ಅಷ್ಟರಲ್ಲಿ ಮುಗಿದಿರುತ್ತದೆ. ಫ್ಲಿಪ್ ಪೂರ್ತಿಯಾಗುವ ಮೊದಲೇ ನೆಲ ಬಂದರೆ, ಅಥವಾ ಹಲಗೆ ಅಡ್ಡಡ್ಡ ಇಳಿದರೆ ಬೀಳುವುದೇ; ಅದಕ್ಕೆ ಮ್ಯಾನುಯಲ್ ಕಾರಣ ಅಲ್ಲ.

ಹಿಡಿದ ಮೇಲೆ ಬ್ಯಾಲೆನ್ಸ್ ಮೀಟರ್‌ನ ಮುಳ್ಳು ಹೋದ ಕಡೆಗೆ ವಿರುದ್ಧವಾಗಿ ಬಟನ್ ಅನ್ನು ಮುಟ್ಟಿ ಮುಟ್ಟಿ ಬಿಡಿ. ಒತ್ತಿ ಹಿಡಿದರೆ ಮುಳ್ಳು ನಡುವನ್ನು ದಾಟಿ ಆಚೆ ತುದಿಗೆ ಹಾರುತ್ತದೆ. ಹೊತ್ತು ಹೋದಂತೆ ಮುಳ್ಳಿನ ವೇಗ ಹೆಚ್ಚುತ್ತದೆ, ಆದ್ದರಿಂದ ಒಂದೇ ಮ್ಯಾನುಯಲ್ಲನ್ನು ಉದ್ದಕ್ಕೆ ಎಳೆಯಬೇಡಿ. ಸಣ್ಣ ಕಿಕ್‌ಫ್ಲಿಪ್ ಹಾಕಿ ಹೊಸದಾಗಿ ಹಿಡಿಯಿರಿ, ಗುಣಕವೂ ಹೆಚ್ಚುತ್ತದೆ. ಆದರೆ ಒಂದೇ ಟ್ರಿಕ್ ಪದೇ ಪದೇ ಮಾಡಿದರೆ ಅದರ ಅಂಕ ಕುಗ್ಗುತ್ತಾ ಹೋಗುತ್ತದೆ, ಹೀಗಾಗಿ ಚೌಕದ ಬಟನ್ ಜೊತೆ ದಿಕ್ಕು ಬದಲಿಸುತ್ತಿರಿ. ಅದೇ ಟ್ರಿಕ್ಕನ್ನು ನಾಲಿಯಲ್ಲಿ (ಹಲಗೆಯ ಮುಂತುದಿಯಿಂದ ಜಿಗಿದು) ಮಾಡಿದರೆ ಬೇರೆ ಟ್ರಿಕ್ ಎಂದೇ ಲೆಕ್ಕ.

ಈಗ ಯಂತ್ರದ ಕಡೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ತೆಗೆಯಿರಿ. ಅದು ಚಿತ್ರವನ್ನು ತಡೆದಿಟ್ಟು ತೋರಿಸುತ್ತದೆ. ಪ್ಯಾಡ್‌ಗೆ ಕೇಬಲ್ ಹಾಕಿ. ಎಮ್ಯುಲೇಟರ್‌ನಲ್ಲಿ ರನ್-ಅಹೆಡ್ (ಬಟನ್ ಒತ್ತಿದ್ದರ ವಿಳಂಬ ತಗ್ಗಿಸುವ ಸೌಲಭ್ಯ) ಇದ್ದರೆ ಒಂದು ಫ್ರೇಮ್‌ನಿಂದ ಶುರುಮಾಡಿ. ಜಾಸ್ತಿ ಮಾಡಿದರೆ ಚಿತ್ರ ಎಗರುತ್ತದೆ. ಡಿಸ್ಕ್ ಪಾಲ್ (ಯುರೋಪಿನ) ಆವೃತ್ತಿಯದ್ದಾದರೆ 50 ಹರ್ಟ್ಸ್, ಎನ್‌ಟಿಎಸ್‌ಸಿ (ಅಮೆರಿಕದ) ಆದರೆ 60. ಎರಡನೆಯದನ್ನೇ ಆರಿಸಿ.

ಹೊಸಗಾಲಿ

ಗಡಿಯಾರದ ವಿವರಣೆ ಮನಸ್ಸಿಗೆ ಹಿಡಿಸಿತು. ನೈಜತೆಯ ತಕರಾರು ಇನ್ನೂ ಪೂರ್ತಿ ಹೋಗಿಲ್ಲ. ಮೊದಲ ಎರಡು ಭಾಗಗಳನ್ನೂ ಸೇರಿಸಿ 2020ರಲ್ಲಿ ಬಂದ ರೀಮೇಕ್‌ನಿಂದ ಶುರುಮಾಡಿದರೆ ತಪ್ಪೇ?

ಮೂರನೆಯದೇಮೇಲು

ನೈಜತೆಯೇ ಬೇಕಿದ್ದರೆ 2007ರ ‘ಸ್ಕೇಟ್’ ಎಂಬ ಗೇಮ್ ಆಡಿ. ಅಲ್ಲಿ ಬಲಗಡೆಯ ಸ್ಟಿಕ್ ಎಳೆದು ಚಿಮ್ಮಿಸಿದರೆ ಆಲಿ, ಒಂದು ಕಿಕ್‌ಫ್ಲಿಪ್ ಸರಿಯಾಗಿ ಇಳಿದರೂ ಸಂತೋಷ. ಗುರಿಯೇ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಫ್ರೇಮ್‌ಲೆಕ್ಕ

ರೀಮೇಕ್‌ನಿಂದ ಶುರುಮಾಡುವುದು ಒಳ್ಳೆಯದೇ. ವಿಕೇರಿಯಸ್ ವಿಷನ್ಸ್ ಮಾಡಿದ್ದು. ಗೇಮ್ ಬಾಯ್ ಅಡ್ವಾನ್ಸ್‌ಗೆ ಎರಡನೇ ಭಾಗವನ್ನು ತಂದವರೂ ಅವರೇ, ಸರಣಿಯ ಒಳಹೊರಗು ಗೊತ್ತಿದ್ದವರು. ಆದರೆ ಅದರಲ್ಲಿ ರಿವರ್ಟ್ ಮೊದಲಿನಿಂದಲೇ ಇದೆ. ರಿವರ್ಟ್ ಇಲ್ಲದ ಕಾಲಕ್ಕೆ ಕಟ್ಟಿದ ವೇರ್‌ಹೌಸ್‌ನಲ್ಲಿ ಅದನ್ನು ಬಳಸಿದರೆ ಆ ಹಳೆಯ 15,000 ಒಂದೇ ಕಾಂಬೋಗೆ ಬಂದುಬಿಡುತ್ತದೆ. ಮೇಲಿನ ಇಬ್ಬರ ಜಗಳ ನೀವೇ ತೀರ್ಮಾನಿಸಬೇಕೆಂದಿದ್ದರೆ ಆಯ್ಕೆಗಳಿಗೆ ಹೋಗಿ ಎರಡನೇ ಭಾಗದ ಚಲನೆಗಳನ್ನಷ್ಟೇ ಇಟ್ಟುಕೊಳ್ಳಿ. ಸ್ಕೂಲ್ 2 ಹಾಗೆ ಆಡಿ, ಆಮೇಲೆ ರಿವರ್ಟ್ ಹಾಕಿಕೊಂಡು ಅದೇ ಲೆವೆಲ್ ಇನ್ನೊಮ್ಮೆ ಆಡಿ.