ಸಹಾಯ ಬೇಕು: ಸಿಸೇರಿಯನ್ ನಂತರ ಎಪಿಡ್ಯೂರಲ್ ಇಟ್ಟುಕೊಂಡವರು ಇದ್ದೀರಾ?

ಮುಂದಿನ ವಾರ ದಾವಣಗೆರೆಯಲ್ಲಿ ನನ್ನ ತಂಗಿಗೆ ಸಿಸೇರಿಯನ್ ಇದೆ. ಆಪರೇಷನ್ ಆದ ಮೇಲೂ ಬೆನ್ನಿನ ಎಪಿಡ್ಯೂರಲ್ ನಳಿಕೆ ತೆಗೆಯದೆ, ಒಂದೆರಡು ದಿನ ಅದರಲ್ಲೇ ನೋವಿನ ಔಷಧಿ ಕೊಡಬಹುದು ಎಂದು ಅನಸ್ತೇಶಿಯಾ ಡಾಕ್ಟರ್ ಹೇಳಿದ್ದಾರೆ. ಇಲ್ಲವಾದರೆ ಆಪರೇಷನ್‌ಗೆ ಮರಗಟ್ಟಿಸಲು ಬೆನ್ನಿಗೆ ಒಂದೇ ಸಲ ಕೊಡುವ ಸ್ಪೈನಲ್ ಇಂಜೆಕ್ಷನ್ ಜೊತೆಗೇ ಸ್ವಲ್ಪ ಮಾರ್ಫಿನ್. ಅದು ಹೆಚ್ಚುಕಡಿಮೆ ಒಂದು ದಿನ ನೋವು ತಡೆಯುತ್ತದೆ, ಆದರೆ ಮೈ ತುರಿಕೆ, ವಾಕರಿಕೆ ಬರಬಹುದಂತೆ.

ನಳಿಕೆ ಇಟ್ಟುಕೊಂಡವರು ಹೇಳಿ. ಕಾಲು ಜೋಮು ಹಿಡಿದು ಎದ್ದು ಓಡಾಡುವುದು ತಡವಾಯಿತಾ? ಮೂತ್ರದ ಪೈಪ್ ಜಾಸ್ತಿ ಹೊತ್ತು ಬಿಟ್ಟಿದ್ದರಾ? ಹಾಲಿಗೆ ಸೇರುವ ಔಷಧಿ ತೀರಾ ಕಡಿಮೆ ಎಂದಿದ್ದಾರೆ, ಆ ಚಿಂತೆ ಇಲ್ಲ. ಆದರೆ ಅವಳಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್ ನಡೀತಿದೆ. ಹಾಗಾಗಿ ಬೆನ್ನೊಳಗೆ ರಕ್ತಸ್ರಾವ ಆಗದಂತೆ ನಳಿಕೆ ಹಾಕುವ, ತೆಗೆಯುವ ಹೊತ್ತನ್ನು ಲೆಕ್ಕ ಹಾಕಿಯೇ ಮಾಡಬೇಕಲ್ವಾ? ಹೆಪಾರಿನ್ ತಗೊಂಡವರಿಗೆ ಹೇಗೆ ಮಾಡಿದರು? (ಸೂಜಿ ಹಾಕಿಸಿದರೆ ಜೀವನಪೂರ್ತಿ ಬೆನ್ನುನೋವು ಅಂತ ಅಮ್ಮ ಈಗಾಗಲೇ ಸಾಕಷ್ಟು ಹೆದರಿಸಿದ್ದಾರೆ, ದಯವಿಟ್ಟು ನೀವೂ ಶುರು ಮಾಡಬೇಡಿ!)