ಅಪ್‌ಡೇಟ್: ಆ ಹಳೆಯ 4×5 ಇಂಚು ಫಿಲ್ಮ್‌ನ ಕ್ಯಾಮೆರಾವನ್ನು ಕೊನೆಗೂ ಕೊಂಡೆ

ಕೊಳ್ಳುವ ಮೊದಲೇ ರಿಪೇರಿ ಮಾಡಿಸಿಕೊಳ್ಳಲೇ, ಬೆಲೆ ಇಳಿಸಿಕೊಂಡು ನಾನೇ ಮಾಡಿಕೊಳ್ಳಲೇ ಎಂದು ಹೋದ ತಿಂಗಳು ಕೇಳಿದ್ದೆ. ಬೆಲ್ಲೋಸ್‌ನೊಳಗೆ (ಲೆನ್ಸ್‌ಗೂ ಫಿಲ್ಮ್‌ಗೂ ನಡುವೆ ಹೊರಗಿನ ಬೆಳಕು ನುಗ್ಗದಂತೆ ಕಾಯುವ ಮಡಿಕೆ ಚೀಲ) ಟಾರ್ಚ್ ಬಿಟ್ಟು ನೋಡಿ ಎಂದವರಿಗೆ ನಮಸ್ಕಾರ. ಮಾರುವವರ ಮನೆಯಲ್ಲೇ ದೀಪ ಆರಿಸಿ ನೋಡಿದೆವು. ಮಡಿಕೆಗಳ ಮೂಲೆಯಲ್ಲಿ ಏಳು ಚುಕ್ಕೆ, ಸಾಕ್ಷಾತ್ ಸಪ್ತರ್ಷಿ ಮಂಡಲ! ಅವರೂ ನಕ್ಕರು, ಬೆಲೆಯೂ ಇಳಿಯಿತು. ತೂತುಗಳಿಗೆ ಕಪ್ಪು ಫ್ಯಾಬ್ರಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿದೆ. ಒಂದು ಸೆಕೆಂಡಿಗೆ ಇಟ್ಟರೆ ಮುಚ್ಚಲು ತಡಮಾಡುತ್ತಿದ್ದ ಶಟರ್‌ಗೆ ಮಾತ್ರ ಕೈ ಹಾಕಲಿಲ್ಲ, ಮಾರುವವರೇ ಶುಚಿ ಮಾಡಿಸಿ ಕೊಟ್ಟರು.

ನಿಜವಾದ ಕಳ್ಳ ಅಡಗಿದ್ದು ಬೇರೆ ಕಡೆ. ಅಜ್ಜಿಯ ಮೂಗಿಗೆ ಫೋಕಸ್ ಮಾಡಿದರೆ ನೆಗೆಟಿವ್‌ನಲ್ಲಿ ಕಿವಿ ಸ್ಪಷ್ಟ, ಮೂಗು ಮಸುಕು. ಹಿಂದೆ ಯಾರೋ ಗ್ರೌಂಡ್ ಗ್ಲಾಸ್ (ಫೋಕಸ್ ನೋಡಿಕೊಳ್ಳುವ ಹಿಂಬದಿಯ ಮಸುಕು ಗಾಜು) ಬದಲಿಸುವಾಗ ಅದನ್ನು ಹಿಂದುಮುಂದಾಗಿ ಕೂರಿಸಿದ್ದರು! ಅದರ ಒರಟು ಮೈ ಲೆನ್ಸ್ ಕಡೆಗಿರಬೇಕು. ಇಲ್ಲದಿದ್ದರೆ ನಾವು ಫೋಕಸ್ ಮಾಡುವ ಜಾಗ ಒಂದು, ಫಿಲ್ಮ್ ಕೂರುವ ಜಾಗ ಇನ್ನೊಂದು. ಉಗುರಿನಿಂದ ಸವರಿದ್ದರೆ ಅಂದೇ ಗೊತ್ತಾಗುತ್ತಿತ್ತು, ಇನ್ನಷ್ಟು ಚೌಕಾಸಿಯನ್ನೂ ಮಾಡಬಹುದಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿದೆ, ಹತ್ತು ನಿಮಿಷದ ಕೆಲಸ. ಈಗ ಅಜ್ಜಿಯ ಮೂಗುತಿಯ ಹರಳುಗಳನ್ನೂ ಎಣಿಸಬಹುದು.