ಅಪ್‌ಡೇಟ್: ಅಮ್ಮನ ಹಲ್ಲು ವಿದ್ಯಾರ್ಥಿಗಳ ಹತ್ತಿರವೇ ಕೀಳಿಸಿದೆವು

ಪಾವಗಡ ಕಡೆಯ ನಮ್ಮ ಹಳ್ಳಿಗೆ ಡೆಂಟಲ್ ಕಾಲೇಜಿನ ಕ್ಯಾಂಪ್ ಬರುತ್ತಿದೆ, ಅಮ್ಮನ ಅಲ್ಲಾಡುವ ಹಲ್ಲುಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ಕೀಳಿಸಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೀಳಿಸಿದೆವು, ಏನೂ ತೊಂದರೆ ಆಗಲಿಲ್ಲ. ಕ್ಯಾಂಪಿಗೆ ಬಂದವರು ನಾಲ್ಕು ವರ್ಷದ ಬಿಡಿಎಸ್ (ಹಲ್ಲಿನ ಡಾಕ್ಟರ್) ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿರುವವರು, ಜೊತೆಗೆ ಮೇಡಂ ಒಬ್ಬರು ಪಕ್ಕದಲ್ಲೇ ನಿಂತಿದ್ದರು. ಮೊದಲು ಬಿಪಿ, ಶುಗರ್ ನೋಡಿದರು. ಶುಗರ್ ಜಾಸ್ತಿ ಇತ್ತು, ಅವತ್ತು ಮುಟ್ಟಲೇ ಇಲ್ಲ, ಮಾತ್ರೆ ಸರಿಮಾಡಿಸಿಕೊಂಡು ಕಾಲೇಜಿಗೇ ಬನ್ನಿ ಅಂದರು. ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಆಮೇಲೆ ಕಾಲೇಜಿಗೆ ಹೋಗಿಯೇ ಕೀಳಿಸಿದ್ದು.

ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ, ಅದರಿಂದ ಮಕ್ಕಳ ಹಲ್ಲಿಗೆ ಬರುವ ಕಂದು ಕಲೆ ಉಜ್ಜಿದರೆ ಹೋಗಲ್ಲ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಸಬೇಡಿ ಅಂತ ಕ್ಯಾಂಪಿನಲ್ಲಿ ಇಂಟರ್ನ್ ಹುಡುಗಿಯೊಬ್ಬಳು ಅಮ್ಮಂದಿರನ್ನೆಲ್ಲ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದಳು. ಇದನ್ನು ನಮಗೆ ಯಾರೂ ಹೀಗೆ ಕೂತು ಹೇಳಿರಲಿಲ್ಲ.

ಬಸ್ ಖರ್ಚು, ಕೂಲಿ ಬಿಟ್ಟು ಹೋಗುವುದು ಮಾತ್ರ ಕಷ್ಟವೇ. ಕಟ್ಟುವ ಹಲ್ಲಿಗೆ ಅಳತೆ, ಕಚ್ಚಿಸಿ ನೋಡುವುದು, ಟ್ರಯಲ್ ಅಂತ ಮತ್ತೆ ಮತ್ತೆ ಹೋಗಬೇಕು. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ಸರ್ಕಾರದ ದಂತ ಭಾಗ್ಯ ಯೋಜನೆ ಇದೆ, ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ಅಮ್ಮನ ಒಸಡು ಇನ್ನೂ ಮಾಯಬೇಕು, ಆಮೇಲೆ ಅಳತೆ.